ಕಸೂತಿಯ ಕಲಿಕೆ, ಕಸುಬಿನ ಬಾಳಿಕೆ

ಧಾರವಾಡ-ಗದಗ ಸೀಮೆಯಲ್ಲಿ ಕಸೂತಿ ಬಹುಕಾಲ ಮನೆಯ ವಿದ್ಯೆಯಾಗಿತ್ತು. ಮದುವೆಗೆಂದು ತೆಗೆದಿಟ್ಟ ಚಂದ್ರಕಾಳಿ ಸೀರೆಯ ಸೆರಗಿನ ಮೇಲೆ ಅಜ್ಜಿಯೋ ತಾಯಿಯೋ ಗೋಪುರ, ತೇರು, ತೊಟ್ಟಿಲು, ಆನೆಗಳನ್ನು ಬಿಡಿಸುತ್ತಿದ್ದರೆ ಮಗಳು ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದಳು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳು ಇದರಲ್ಲಿ ಮುಖ್ಯವಾದವು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಎಳೆಗಳನ್ನು ಎಣಿಸುತ್ತಲೇ ಸೂಜಿ ನಡೆಯಬೇಕು. ಗವಂತಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಇಂಥ ವಿದ್ಯೆ ಪುಸ್ತಕದಿಂದ ಬರುವುದು ಕಷ್ಟ. ಕಲಿತ ಕೈಯ ಬಳಿ ಕುಳಿತೇ ಕಲಿಯಬೇಕು.

ಆ ಕಲಿಕೆಗೆ ಶುಲ್ಕವಿರಲಿಲ್ಲ, ಕಲಿಸಿದವರಿಗೆ ಸಂಬಳವೂ ಇರಲಿಲ್ಲ. ಗಿರಣಿಯ ಬಟ್ಟೆ ಬಂದು, ಹೆಣ್ಣುಮಕ್ಕಳ ದಿನಚರಿ ಬದಲಾದ ಮೇಲೆ ಈ ಸರಪಳಿ ಸಡಿಲವಾಯಿತು. 2006ರಲ್ಲಿ ಕಸೂತಿಗೆ ಭೌಗೋಳಿಕ ಗುರುತು ದೊರೆಯಿತು. ಹೆಸರಿಗೆ ರಕ್ಷಣೆ ಸಿಕ್ಕಿತಾದರೂ ಕೈಗೆ ಕೆಲಸ ಕೊಡುವ ಹೊಣೆ ಉಳಿದೇ ಇದೆ. ಈಚಿನ ವರ್ಷಗಳಲ್ಲಿ ಪಟ್ಟಣಗಳಲ್ಲಿ ಶುಲ್ಕ ಪಡೆದು ಕರಕುಶಲ ಕಲೆಗಳನ್ನು ಕಲಿಸುವ ಸಣ್ಣ ಉದ್ಯಮಗಳು ಹುಟ್ಟಿಕೊಂಡಿವೆ. ಅಜ್ಜಿಯ ಸ್ಥಾನವನ್ನು ಅವು ತುಂಬಬಲ್ಲವೇ? ಇದಕ್ಕೆ ನಮ್ಮ ನೆಲದ ಇತಿಹಾಸವೇ ಕೆಲವು ಸೂಚನೆಗಳನ್ನು ಕೊಡುತ್ತದೆ.

ಮೊದಲನೆಯದು ಗದಗಿನ ಸಮೀಪದ ಕಣಗಿನಹಾಳದ್ದು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಅಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬೊಬ್ಬರಾಗಿ ಸಾಲದ ಸುಳಿಗೆ ಸಿಲುಕಿದ್ದವರು ಒಟ್ಟಾಗಿ ನಿಂತರೆ ಬಂಡವಾಳ ಹುಟ್ಟುತ್ತದೆಂಬುದನ್ನು ಅದು ತೋರಿಸಿತು. ಸೂಜಿಯ ಕೆಲಸ ಮಾಡುವವರಿಗೂ ಈ ಮಾತು ಸಲ್ಲುತ್ತದೆ.

ಎರಡನೆಯದು ಹುಬ್ಬಳ್ಳಿಯ ಬೆಂಗೇರಿಯದು. 1957ರ ನವೆಂಬರ್ 1ರಂದು ಗಾಂಧೀವಾದಿಗಳು ಅಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಸ್ಥಾಪಿಸಿದರು. ಮುಂದೆ ಆ ಸಂಘ ಮಾನಕ ಸಂಸ್ಥೆಯ ಪರವಾನಗಿಯೊಡನೆ ಖಾದಿಯ ರಾಷ್ಟ್ರಧ್ವಜಗಳನ್ನು ತಯಾರಿಸಿ ನಾಡಿಗೆಲ್ಲ ಹೆಸರಾಯಿತು. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆದರೆ 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಿಂದ ಮಾಡಿದ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ದೊರೆತಾಗ, ಮರುವರ್ಷವೇ ಖಾದಿ ಧ್ವಜದ ಬೇಡಿಕೆ ಕುಗ್ಗಿತು. ಕೈಯ ನೈಪುಣ್ಯ ಮೊದಲಿನಂತೆಯೇ ಇತ್ತು. ಕೊಳ್ಳುವವರು ಮಾತ್ರ ದೂರ ಸರಿದರು. ಒಂದೇ ವಸ್ತು, ಒಂದೇ ಬಗೆಯ ಬೇಡಿಕೆ ಎಂದು ನಂಬಿದ ಕಸುಬಿಗೆ ಇದು ಎಚ್ಚರಿಕೆಯ ಮಾತು.

ಮೂರನೆಯದು ಸಂಡೂರಿನದು. ಅಲ್ಲಿನ ಕುಶಲ ಕಲಾ ಕೇಂದ್ರ ಲಂಬಾಣಿ ಕಸೂತಿಯ ಮಹಿಳೆಯರನ್ನು ಒಂದು ಸೂರಿನಡಿ ಸೇರಿಸಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ತಾಂಡಾದ ಉಡುಪಿಗೆ ಮೀಸಲಾಗಿದ್ದ ಹೊಲಿಗೆ ಚೀಲಕ್ಕೂ ಹೊದಿಕೆಗೂ ಇಳಿದು ಕೊಳ್ಳುವವರ ಬಳಗವನ್ನು ಹಿಗ್ಗಿಸಿಕೊಂಡಿತು.

ಇನ್ನು ಅಬ್ಬಿಗೇರಿಯಂಥ ಊರನ್ನು ನೋಡೋಣ. ಒಂದು ಕಡೆಗೆ ಗದಗ-ಬೆಟಗೇರಿಯ ಮಗ್ಗಗಳು, ಇನ್ನೊಂದು ಕಡೆಗೆ ಪಟ್ಟೆದಂಚಿನ ಸೀರೆಗೆ ಹೆಸರಾದ ಗಜೇಂದ್ರಗಡ. ಇಲ್ಲಿ ನಾಲ್ಕಾರು ಹೆಣ್ಣುಮಕ್ಕಳು ಕೂಡಿ ಕಸೂತಿ ಕಲಿಸುವ ಮನೆಯೊಂದನ್ನು ತೆರೆಯುವುದು ಅಸಾಧ್ಯವೇನಲ್ಲ. ಬಟ್ಟೆಯನ್ನು ಸುತ್ತಲಿನ ಮಗ್ಗಗಳಿಂದಲೇ ಕೊಂಡರೆ ನೇಕಾರನಿಗೂ ನೆರವಾಗುತ್ತದೆ. ಕಲಿಯಲು ಬಂದವರಿಂದ ಪಡೆದ ಶುಲ್ಕದಲ್ಲಿ ಮೊದಲ ಪಾಲು ಕಲಿಸುವ ಹಿರಿಯ ಹೆಂಗಸಿಗೆ ಸಲ್ಲಬೇಕು. ಲೆಕ್ಕದ ಪುಸ್ತಕ ಎಲ್ಲ ಪಾಲುದಾರರ ಕಣ್ಣೆದುರಿಗಿರಬೇಕು. ಕಲಿಕೆಯ ಜೊತೆಗೆ ಮಾರಾಟವೂ ನಡೆಯಬೇಕು. ಶಿಬಿರಕ್ಕೆ ಜನ ಬಾರದ ತಿಂಗಳಲ್ಲಿ ಅದೇ ಆಸರೆ.

ಹಿಂದಿನ ಅಜ್ಜಿಯರು ಪ್ರೀತಿಯಿಂದ ಪುಕ್ಕಟೆಯಾಗಿ ಕಲಿಸಿದರು. ಆ ಪ್ರೀತಿಯನ್ನೇ ಮುಂದುಮಾಡಿ ಇಂದಿನ ಕೈಗಳಿಗೆ ಕೂಲಿಯನ್ನು ನಿರಾಕರಿಸುವುದು ನ್ಯಾಯವಲ್ಲ. ಎಳೆ ಎಣಿಸಬಲ್ಲವಳಿಗೆ ತನ್ನ ದುಡಿಮೆಯ ಹಣವನ್ನೂ ಎಣಿಸಿಕೊಳ್ಳುವ ಹಕ್ಕಿದೆ.