ನಾನಿಯ ಡೋಲಕ್ ಮತ್ತು ಸಿಡಿ ರೈಟರ್

ದಾವಣಗೆರೆಯಲ್ಲಿ ಕ್ಯಾಸೆಟ್ಟಿನ ಕಾಲದಲ್ಲಿ ಹಾಡು 'ತುಂಬಿಸುತ್ತಿದ್ದೆವು'. ಸಿಡಿ ಬಂದ ಮೇಲೆ 'ರೈಟ್ ಮಾಡಿಸುತ್ತಿದ್ದೆವು'. ಮೊದಲನೆಯದು ಚೀಲಕ್ಕೆ ಮಂಡಕ್ಕಿ ತುಂಬಿದ ಹಾಗೆ, ಎರಡನೆಯದು ಕಚೇರಿಯಲ್ಲಿ ಅರ್ಜಿ ಬರೆಸಿದ ಹಾಗೆ. ಎರಡೂ ಮಾತುಗಳು ಈಗ ಹಳತಾಗಿವೆ. ಮನೆಯ ಕಂಪ್ಯೂಟರಿನಲ್ಲಿ ಹಾಡು ಎತ್ತಿ ತಟ್ಟೆಗೆ ಹಾಕಿಕೊಳ್ಳುವ ಆ ಕೆಲಸ ನಮ್ಮ ಊರುಗಳಲ್ಲಿ ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ ನಡೆದಿರಬಹುದು. ಅಷ್ಟರಲ್ಲೇ ಅದು ನಮ್ಮ ಮನೆಯಿಂದ ಏನನ್ನು ಉಳಿಸಿತು, ಏನನ್ನು ಒಯ್ದಿತು ಎಂಬುದು ನನಗೆ ತಿಳಿದದ್ದು ಮೊನ್ನೆ ಮೊನ್ನೆ.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಬರ್ಲಿನ್‌ನ ಪ್ರದರ್ಶನದಲ್ಲಿ ಮೊದಲು ತೋರಿಸಿದ್ದು 1963ರಲ್ಲಿ. ಗ್ರಾಮಫೋನ್ ತಟ್ಟೆಯನ್ನು ಕಂಪನಿಯವರು ಮಾತ್ರ ಮಾಡಬಹುದಿತ್ತು. ಕ್ಯಾಸೆಟ್ಟಿಗೆ ಕೆಂಪು ಗುಂಡಿಯೊಂದನ್ನು ಒತ್ತಿದರೆ ಸಾಕು, ಯಾರ ದನಿಯಾದರೂ ಸರಿ, ಅದು ಹಿಡಿದುಕೊಳ್ಳುತ್ತಿತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ'ವಾಗಿ ಕ್ಯಾಸೆಟ್ಟಿಗೆ ಬಂದವು. ಆಮೇಲೆ ಸಿ. ಅಶ್ವತ್ಥ್ ಅವರ ಕಂಠದಲ್ಲಿ ಶಿಶುನಾಳ ಶರೀಫರು ಬಂದರು. ತುಂಗಭದ್ರೆಯ ಸೇತುವೆ ದಾಟಿದರೆ ಶರೀಫರ ಹಾವೇರಿ ಸೀಮೆಯೇ ಆದ್ದರಿಂದ ಹರಿಹರದವರಿಗೆ ಅವರು ಪಕ್ಕದೂರಿನ ಅಜ್ಜ. ಅಂಗಡಿಯವನಿಗೆ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ಕೊಟ್ಟು ಸಂಜೆ ಕ್ಯಾಸೆಟ್ ಇಸಿದುಕೊಂಡು ಬರುವುದು. ನಮ್ಮ ಮನೆಯ ಚೀಟಿಯಲ್ಲಿ ಕವ್ವಾಲಿಯ ಕೆಳಗೆ ಶರೀಫರು, ಶರೀಫರ ಕೆಳಗೆ ಸಿನಿಮಾ. ಅಬ್ಬಾ ಉರ್ದುವಿನಲ್ಲಿ ಬರೆಯುತ್ತಿದ್ದರು, ಅಂಗಡಿಯವನಿಗೆ ಓದಲು ಬಾರದೆ ನಾನು ಅದನ್ನೇ ಕನ್ನಡದಲ್ಲಿ ಬರೆದು ಕೊಡುತ್ತಿದ್ದೆ.

ಆದರೆ ಅಂಗಡಿಯಲ್ಲಿ ಸಿಗದ ಒಂದು ಕ್ಯಾಸೆಟ್ ನಮ್ಮಲ್ಲಿತ್ತು. 1987ರಲ್ಲಿ ಹರಿಹರದಲ್ಲಿ ಖಾಲಾನ ಮದುವೆ. ಹಲ್ದಿಯ ರಾತ್ರಿ ನಾನಿ ಡೋಲಕ್ ಹಿಡಿದು ಕೂತರು. ಮಾಮು ಬಾಗಿಲ ಪರದೆಯ ಆಚೆಯಿಂದ ಟೇಪ್ ರೆಕಾರ್ಡರ್ ತಳ್ಳಿ, ಗುಂಡಿ ಒತ್ತಿ ಹೋದರು. ಗಂಡಿನ ಕಡೆಯವರನ್ನು ಛೇಡಿಸುವ ಹಾಡುಗಳು ಮೊದಲು, ಬೆಳಗಿನ ಜಾವಕ್ಕೆ ಮಗಳನ್ನು ಕಳಿಸಿಕೊಡುವ ರುಖ್ಸತಿಯ ಹಾಡು. ನಾನಿಯ ದಖ್ಖನಿಯಲ್ಲಿ ಕನ್ನಡದ ಗಡಿಗೆ, ಮೊರ, ಸೊಸೆ ಎಲ್ಲವೂ ನುಸುಳುತ್ತಿದ್ದವು. ದಖ್ಖನಿ ಹೆಂಗಸರ ಹಾಡಿಗೆ ದೊಡ್ಡ ವಂಶವೇ ಇದೆ. ಬಿಜಾಪುರದ ಸೂಫಿಗಳು ಬೀಸುವ ಕಲ್ಲಿನ ಮುಂದೆ ಹಾಡಲೆಂದು ಚಕ್ಕಿನಾಮಾಗಳನ್ನು ಕಟ್ಟಿದ್ದರು. ಅಂಥ ಹಾಡುಗಳ ಮೂಲಕವೇ ಸೂಫಿ ವಿಚಾರ ಹಳ್ಳಿಯ ಮನೆಗಳ ಒಳಗೆ ಹೋಯಿತೆಂದು ರಿಚರ್ಡ್ ಈಟನ್ 1978ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ನಾನಿಗೆ ಇದೊಂದೂ ಗೊತ್ತಿರಲಿಲ್ಲ. ಅವರಿಗೆ ಅದು ಅವರ ಅಮ್ಮ ಹೇಳಿಕೊಟ್ಟ ಹಾಡು, ಅಷ್ಟೆ. ಮುಂದೆ ನಮ್ಮ ಮದುವೆಗಳಲ್ಲಿ ಡೋಲಕ್ ನಿಂತಿತು. ಒಂದು ಕಡೆ ಡೆಕ್ಕಿನ ಅಬ್ಬರ, ಇನ್ನೊಂದು ಕಡೆ ಹಾಡು ಬಾರಿಸುವುದು ಸರಿಯೇ ಎಂಬ ಹಿರಿಯರ ತಕರಾರು. ನಾನಿ 1995ರಲ್ಲಿ ತೀರಿಕೊಂಡರು.

2003ರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ತಮ್ಮ ಬಿಡಿಭಾಗ ಜೋಡಿಸಿದ ಕಂಪ್ಯೂಟರೊಂದನ್ನು ಮನೆಗೆ ತಂದ. 20 ಜಿಬಿ ಹಾರ್ಡ್ ಡಿಸ್ಕ್, ಸಿಡಿ ರೈಟರ್, 'ನೀರೋ' ಎಂಬ ಸಾಫ್ಟ್‌ವೇರ್. ಕೊಂಡ ಸಿಡಿಯಿಂದ ಹಾಡು ಎತ್ತುವುದು ಕೆಲವು ನಿಮಿಷಗಳ ಮಾತು. ಕ್ಯಾಸೆಟ್ ಹಾಗಲ್ಲ. ಟೇಪಿನಿಂದ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, 60 ನಿಮಿಷದ ಹಾಡಿಗೆ 60 ನಿಮಿಷ ಕೂತೇ ಇರಬೇಕು. ಮಿಕ್ಸಿ ಹಾಕಿದರೆ ಗುರ್ ಎನ್ನುವ ಸದ್ದೂ ಸೇರಿಬಿಡುತ್ತದೆಂದು ಅಮ್ಮಿ ಆ ದಿನ ಚಟ್ನಿಯನ್ನು ಒರಳಲ್ಲಿ ರುಬ್ಬಿದರು.

ಸಿಡಿಯ ಲೆಕ್ಕದಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆಯಬೇಕು. ನಿಮಿಷಕ್ಕೆ ಸುಮಾರು 10 ಎಂಬಿ. ನಾನಿಯ ಒಂದು ರಾತ್ರಿಗೆ 600 ಎಂಬಿ. ಅದನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ರೂಪಿಸಿದ ಎಂಪಿ3ಗೆ ಇಳಿಸಿದರೆ ಹನ್ನೊಂದರಲ್ಲಿ ಒಂದು ಪಾಲು. ಕಿವಿಗೆ ಕೇಳಿಸದು ಎಂದು ಲೆಕ್ಕ ಹಾಕಿದ್ದನ್ನೆಲ್ಲ ಅದು ಬಿಟ್ಟುಬಿಡುತ್ತದೆ. ಆದರೆ ಥಟ್ಟನೆ ಬೀಳುವ ಪೆಟ್ಟುಗಳಲ್ಲಿ ಆ ಲೆಕ್ಕ ತಪ್ಪುವುದುಂಟು, ಪೆಟ್ಟಿಗೆ ಮೊದಲೇ ಒಂದು ಮಬ್ಬು ಸದ್ದು ಹರಡುತ್ತದೆ. ನಾನಿಯ ಎಡಗೈ ಪೆಟ್ಟು ಹಾಗೇ ಮಂಕಾಯಿತು. ಎಲ್ಲರ ಮನೆಯಲ್ಲೂ ಓಡಬೇಕೆಂದು ತಮ್ಮ ಮಾಮೂಲಿ ಆಡಿಯೋ ಸಿಡಿಯಾಗಿಯೇ ರೈಟ್ ಮಾಡಿದ, ಆದರೆ ಆ ಎಂಪಿ3ಯನ್ನೇ ಮತ್ತೆ ಹಿಗ್ಗಿಸಿ. ದೊಡ್ಡ ಫೈಲನ್ನು ಅಳಿಸಿಯಾಗಿತ್ತು. ಜಾಗ ಬೇಕಿತ್ತು, ಸಿನಿಮಾ ಹಾಡುಗಳಿಗೆ.

ಮಾಮು ನೋಡಲು ಬಂದಿದ್ದರು. 1940ರ ದಶಕದಿಂದ ಲೇತುಗಳಿಗೆ ಹೆಸರಾದ ಊರು ಹರಿಹರ. ಮಾಮುವೂ ಮೂವತ್ತು ವರ್ಷ ಲೇತಿನ ಮುಂದೆ ನಿಂತವರು. "ತಟ್ಟೆ ತಿರುಗುತ್ತೆ, ಸರಿ. ಟೂಲ್ ಎಲ್ಲಿದೆ ಬೇಟಾ?" ಎಂದರು. ಟೂಲ್ ಎಂದರೆ ಲೇಸರ್ ಬೆಳಕು, ಖಾಲಿ ಸಿಡಿಯ ಒಳಗಿನ ಬಣ್ಣದ ಪದರವನ್ನು ಅದು ಸುಡುತ್ತದೆ, ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಎಂದ ತಮ್ಮ. ಮೊದಲ ಹಾಡಿಗೆ ತಟ್ಟೆ ಜೋರಾಗಿ, ಕೊನೆಯದಕ್ಕೆ ನಿಧಾನವಾಗಿ ತಿರುಗುತ್ತದೆ. ಮಾಮುಗೆ ಅದು ತಕ್ಷಣ ಅರ್ಥವಾಯಿತು. ನಡುವೆ ಕರೆಂಟ್ ಹೋಗಿ ಎರಡು ತಟ್ಟೆ ಹಾಳಾದವು. ಅವನ್ನು ಅಮ್ಮಿ ಕಾಗೆ ಬೆದರಿಸಲು ಮಾಳಿಗೆಯ ಹಗ್ಗಕ್ಕೆ ಕಟ್ಟಿದರು. ಉಳಿದ ಐದು ಸಿಡಿಗಳ ಮೇಲೆ ನಾನು ನಾನಿಯ ಹೆಸರನ್ನು ಬಾಲ್‌ಪೆನ್ನಿನಲ್ಲಿ, ಒಂದು ಬದಿ ಉರ್ದು ಒಂದು ಬದಿ ಕನ್ನಡ, ಒತ್ತಿ ಒತ್ತಿ ಬರೆದೆ. ಕ್ಯಾಸೆಟ್ಟುಗಳ ಪೆಟ್ಟಿಗೆ ಆ ವರ್ಷವೇ ಗುಜರಿಗೆ ಹೋಯಿತು.

ಇದೆಲ್ಲ ಕಾನೂನಿನ ಪ್ರಕಾರ ಏನು? ಜರ್ಮನಿ 1965ರಲ್ಲೇ ಮನೆಯ ನಕಲಿಗೆ ಒಪ್ಪಿ, ಅದಕ್ಕೆ ಬದಲಾಗಿ ರೆಕಾರ್ಡರುಗಳ ಮೇಲೆ ಶುಲ್ಕ ಹಾಕಿ ಕಲಾವಿದರಿಗೆ ಹಂಚುವ ದಾರಿ ಹುಡುಕಿತ್ತು. ನಮ್ಮ 1957ರ ಕಾಯ್ದೆಯಲ್ಲಿ ಸ್ವಂತ ಬಳಕೆಗೆ ಇದ್ದ ವಿನಾಯಿತಿ ಧ್ವನಿಮುದ್ರಣಕ್ಕೆ ವಿಸ್ತರಿಸಿದ್ದು 2012ರ ತಿದ್ದುಪಡಿಯಲ್ಲಿ. ಅಂದರೆ 2003ರಲ್ಲಿ ಕಾಸು ಕೊಟ್ಟು ಕೊಂಡ ಸಿಡಿಯನ್ನು ತನಗಾಗಿ ನಕಲು ಮಾಡಿಕೊಂಡವನಿಗೂ ಆ ಆಸರೆ ಇರಲಿಲ್ಲ. ನೂರಾರು ನಕಲು ಮಾರಿದವರ ಪರವಾಗಿ ನಾನು ಮಾತಾಡಲಾರೆ. ನನ್ನದೊಂದು ಕಥೆಯನ್ನು ಕೇಳದೆ ಅಚ್ಚು ಹಾಕಿಕೊಂಡಾಗ ನನಗೂ ಮೈ ಉರಿದಿದೆ. ಹಾಡುವವರ ಹಕ್ಕನ್ನು ನಮ್ಮ ಕಾಯ್ದೆ ಒಪ್ಪಿದ್ದು 1994ರಲ್ಲಿ. ನಾನಿ ಹಾಡಿದ ರಾತ್ರಿ ಆ ಹಕ್ಕೇ ಹುಟ್ಟಿರಲಿಲ್ಲ.

ನೊಯಿಡಾದ ಮೋಸರ್ ಬೇರ್ ಖಾಲಿ ಸಿಡಿಗಳನ್ನು ಲೋಕಕ್ಕೆಲ್ಲ ಮಾರಿದ ಕಂಪನಿ. 2018ರಲ್ಲಿ ಅದು ಮುಚ್ಚುವ ಹಂತಕ್ಕೆ ಬಂತು. ಅಂದು ನಾವು ಮೈಮೇಲೆ ಬಿದ್ದು ನಕಲು ಮಾಡಿದ ಸಿನಿಮಾ ಹಾಡುಗಳಲ್ಲಿ ಕಳೆದುಹೋದದ್ದು ಒಂದೂ ಇಲ್ಲ, ಫೋನಿನಲ್ಲಿ ಹೆಸರು ಹೇಳಿದರೆ ಹಾಡುತ್ತವೆ. ನಮ್ಮ ಮನೆಯ ನಾನಿಯ ಸಿಡಿ ಮಾತ್ರ ಕಳೆದ ವರ್ಷ ಓಡಲಿಲ್ಲ. ಒಂದೊಂದಾಗಿ ನೆಂಟರ ಮನೆಗಳಿಗೆ ಫೋನ್ ಮಾಡಿದೆ. ಮೂರು ಕಡೆ ಸಿಡಿಯೇ ಇಲ್ಲ. ಕೊನೆಗೆ ಹರಿಹರದಲ್ಲಿ ಖಾಲಾನ ಬೀರುವಿನಲ್ಲಿ, ನಿಕಾಹ್‌ನಾಮಾ ಇಟ್ಟ ಡಬ್ಬಿಯಲ್ಲಿ ಒಂದು ಸಿಕ್ಕಿತು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಬಾಯಿಯೇ ಇಲ್ಲ. ಎರವಲು ಡ್ರೈವ್ ತಂದು ಹಾಕಿದೆವು. ಮೊದಲ ಮೂರು ಹಾಡು ಬಂದವು. ನಾಲ್ಕನೆಯದು ಕಟಕಟ ಎಂದು ನಿಂತಿತು. ತಟ್ಟೆ ಕೆಡುವುದು ಹೆಚ್ಚಾಗಿ ಅಂಚಿನಿಂದ, ಕೊನೆಯ ಹಾಡುಗಳಿರುವುದೂ ಅಲ್ಲೇ. ಎತ್ತಿ ಬೆಳಕಿಗೆ ಹಿಡಿದರೆ ಅಂಚಿನ ಬಳಿ ನಾನಿಯ ಹೆಸರಿನ ಗೆರೆಗಳಲ್ಲಿ ಬೆಳ್ಳಿ ಪದರ ಎದ್ದು, ಆಚೆಯ ಬೆಳಕು ಕಾಣುತ್ತಿತ್ತು. ಬಾಲ್‌ಪೆನ್ನಿನಲ್ಲಿ ಬರೆಯಬಾರದು, ಆ ಪದರ ಇರುವುದೇ ಮೇಲುಬದಿಯಲ್ಲಿ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮೂರನೆಯ ಹಾಡಿನ ನಡುವೆ ಒಂದು ಮಗು ನೀರು ಕೇಳುತ್ತದೆ. "ಅದು ನೀನೇ" ಎಂದರು ಖಾಲಾ. ರುಖ್ಸತಿಯ ಹಾಡು ನೆನಪಿದೆಯೇ ಎಂದೆ. ಸ್ಟೀಲ್ ತಟ್ಟೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಡಿಯುತ್ತ ಶುರುಮಾಡಿದರು. ಎರಡನೆಯ ನುಡಿಯಲ್ಲಿ ಮಾತು ಸಿಗದೆ ರಾಗವನ್ನಷ್ಟೇ ಗುನುಗಿದರು, ಮೂರನೆಯದಕ್ಕೆ ಕೈಯಾಡಿಸಿ ಬಿಟ್ಟುಬಿಟ್ಟರು. ಫೋನಿನಲ್ಲಿ ಹಿಡಿದುಕೊಂಡಿದ್ದೇನೆ. ಎರಡು ನಿಮಿಷ ಹನ್ನೊಂದು ಸೆಕೆಂಡು.