ಭಾರತದಲ್ಲಿ ಅಂತರಜಾಲ ಸಂಪರ್ಕದ ನಿರ್ಮಾಣ: ಕೇಂದ್ರದಿಂದ ಗ್ರಾಮದವರೆಗಿನ ಹಾದಿ

ಭಾರತದಲ್ಲಿ ಅಂತರಜಾಲದ ಚರಿತ್ರೆಯನ್ನು 1995ರ ಆಗಸ್ಟ್ 15ರಿಂದ ಆರಂಭಿಸುವ ರೂಢಿಯಿದೆ. ಅಂದು ವಿದೇಶ ಸಂಚಾರ ನಿಗಮವು ಮುಂಬಯಿ, ದೆಹಲಿ, ಕೋಲ್ಕತ್ತ ಮತ್ತು ಚೆನ್ನೈ ನಗರಗಳಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಒದಗಿಸತೊಡಗಿತು. ಆದರೆ ಈ ದಿನಾಂಕವು ಸೇವೆಯ ಮಾರಾಟ ಆರಂಭವಾದ ದಿನವನ್ನು ಸೂಚಿಸುತ್ತದೆಯೇ ಹೊರತು ಸಂಪರ್ಕದ ಬುನಾದಿ ಬಿದ್ದ ಕಾಲವನ್ನಲ್ಲ. ಆ ಬುನಾದಿಯು ಅದಕ್ಕೂ ಒಂದು ದಶಕ ಮೊದಲೇ, ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿ, ಬೇರೆ ಬೇರೆ ಉದ್ದೇಶಗಳಿಗಾಗಿ ರೂಪುಗೊಂಡಿತ್ತು. ಯಾರ ಅಗತ್ಯಕ್ಕಾಗಿ ಯಾವ ಜಾಲವನ್ನು ಕಟ್ಟಲಾಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಾಗ, ಹಳ್ಳಿಗೆ ಈ ಸಂಪರ್ಕವು ಏಕೆ ತಡವಾಗಿ ತಲುಪಿತು ಎಂಬುದು ಸ್ಪಷ್ಟವಾಗುತ್ತದೆ.

ದೂರವಾಣಿ ತಂತಿಯಿಲ್ಲದೆ ಅಂದಿನ ಅಂತರಜಾಲವಿರಲಿಲ್ಲ. 1980ರ ದಶಕದ ಆರಂಭದಲ್ಲಿ ನಗರವಾಸಿಗಳೂ ದೂರವಾಣಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹೊರದೇಶಗಳ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳಿಗೆ ಹವಾನಿಯಂತ್ರಿತ ಕಟ್ಟಡವೂ ಸ್ಥಿರವಾದ ವಿದ್ಯುತ್ತೂ ಬೇಕಾಗಿದ್ದುದರಿಂದ ಅವು ಗ್ರಾಮಗಳಿಗೆ ಒಗ್ಗುವಂತಿರಲಿಲ್ಲ. 1984ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ತಂತ್ರಜ್ಞಾನ ಅಭಿವೃದ್ಧಿ ಕೇಂದ್ರವು, ಅಂದರೆ ಸಿ-ಡಾಟ್, ಈ ಕೊರತೆಯನ್ನೇ ತನ್ನ ವಿನ್ಯಾಸದ ಮೊದಲ ನಿಬಂಧನೆಯಾಗಿ ಸ್ವೀಕರಿಸಿತು. ಧೂಳು ಮತ್ತು ಸೆಕೆಯನ್ನು ತಾಳಿಕೊಂಡು ಹವಾನಿಯಂತ್ರಣವಿಲ್ಲದೆಯೇ ನಡೆಯಬಲ್ಲ ಅದರ 128 ಸಂಪರ್ಕಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರ ಜುಲೈಯಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದು ಕರ್ನಾಟಕದ ಕಿತ್ತೂರಿನಲ್ಲಿ. ಹಳ್ಳಿಯ ಸ್ಥಿತಿಗತಿಯನ್ನು ಮೊದಲು ಅರಿತು ಅನಂತರ ಯಂತ್ರವನ್ನು ರೂಪಿಸಿದ ಈ ಕ್ರಮವು ಮುಂದಿನ ಬೆಳವಣಿಗೆಗಳನ್ನು ಅಳೆಯಲು ಒಂದು ಮಾನದಂಡವನ್ನು ಒದಗಿಸುತ್ತದೆ.

ಇದೇ ಅವಧಿಯಲ್ಲಿ ದತ್ತಾಂಶ ಸಂಪರ್ಕದ ಮೂರು ಧಾರೆಗಳು ಹುಟ್ಟಿಕೊಂಡವು. ಮೊದಲನೆಯದು ಸಂಶೋಧನೆಯದು. ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಆರಂಭಿಸಿದ ಅರ್ನೆಟ್ ಯೋಜನೆಯಲ್ಲಿ ಐದು ಐ.ಐ.ಟಿ.ಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರಗಳು ಪಾಲ್ಗೊಂಡಿದ್ದವು. ಶ್ರೀನಿವಾಸನ್ ರಮಣಿ ಅವರು ಈ ಕಾರ್ಯದ ಪ್ರಮುಖರಲ್ಲಿ ಒಬ್ಬರು. 1989ರಲ್ಲಿ ಮುಂಬಯಿ ಕೇಂದ್ರದಿಂದ ಅಮೆರಿಕಕ್ಕೆ ಏರ್ಪಟ್ಟ ಸಂಪರ್ಕದ ವೇಗ ಸೆಕೆಂಡಿಗೆ ಕೇವಲ 9.6 ಕಿಲೋಬಿಟ್. ಎರಡನೆಯದು ಆಡಳಿತದ ಧಾರೆ. ಎನ್. ಶೇಷಗಿರಿ ಅವರ ನೇತೃತ್ವದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ನಿಕ್‌ನೆಟ್ ಮೂಲಕ ಜಿಲ್ಲಾ ಕೇಂದ್ರಗಳನ್ನು ಉಪಗ್ರಹದ ನೆರವಿನಿಂದ ರಾಜಧಾನಿಗಳಿಗೆ ಜೋಡಿಸಿತು. ಮೂರನೆಯದು ರಫ್ತಿನ ಧಾರೆ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಉಪಗ್ರಹ ಸಂಪರ್ಕದ ಮೂಲಕ ತನ್ನ ವಿನ್ಯಾಸ ಕಾರ್ಯವನ್ನು ಅಮೆರಿಕಕ್ಕೆ ಕಳುಹಿಸಿತು. 1991ರಲ್ಲಿ ಸ್ಥಾಪಿತವಾದ ಭಾರತೀಯ ತಂತ್ರಾಂಶ ತಂತ್ರಜ್ಞಾನ ಉದ್ಯಾನ ಸಂಸ್ಥೆಯು ಅಂತಹ ಸೌಲಭ್ಯವನ್ನು ಇತರ ಉದ್ಯಮಗಳಿಗೂ ವಿಸ್ತರಿಸಿತು. ವಿಜ್ಞಾನಿ, ಅಧಿಕಾರಿ, ರಫ್ತುದಾರ, ಈ ಮೂವರಿಗೂ ಜಾಲ ದೊರೆಯಿತು. ಸಾಮಾನ್ಯ ನಾಗರಿಕನು ಯಾವ ಧಾರೆಯಲ್ಲಿಯೂ ಇರಲಿಲ್ಲ.

1995ರ ಸೇವೆಯು ಆ ಬಾಗಿಲನ್ನು ತೆರೆಯಿತಾದರೂ ಅದರ ಶುಲ್ಕವು ಮಧ್ಯಮ ವರ್ಗಕ್ಕೂ ದುಬಾರಿಯಾಗಿತ್ತು. 1998ರ ನವೆಂಬರಿನಲ್ಲಿ ಖಾಸಗಿ ಸಂಸ್ಥೆಗಳಿಗೆ ಅವಕಾಶ ದೊರೆತ ಮೇಲೆ ಸೈಬರ್ ಕೆಫೆಗಳು ಪಟ್ಟಣಗಳಿಗೂ ಹಬ್ಬಿದವು. ಆದರೂ ಒಂದು ಮೂಲಭೂತ ಕೊರತೆ ಉಳಿದೇ ಇತ್ತು. ಎರಡು ಬೇರೆ ಬೇರೆ ಸೇವಾದಾರರ ಗ್ರಾಹಕರು ಒಂದೇ ಊರಿನಲ್ಲಿದ್ದರೂ ಅವರ ನಡುವಿನ ಸಂದೇಶವು ಅನೇಕ ವೇಳೆ ವಿದೇಶದ ಮಾರ್ಗವಾಗಿ ಸುತ್ತಿ ಬರುತ್ತಿತ್ತು. ಇದರಿಂದ ವಿಳಂಬವೂ ವಿದೇಶಿ ಸಂಪರ್ಕದ ವೆಚ್ಚವೂ ಹೆಚ್ಚುತ್ತಿದ್ದವು. ದೇಶದೊಳಗಿನ ಸಂಚಾರವನ್ನು ದೇಶದೊಳಗೇ ವಿನಿಮಯ ಮಾಡಿಕೊಳ್ಳುವ ಸಲುವಾಗಿ 2003ರಲ್ಲಿ ರಾಷ್ಟ್ರೀಯ ಅಂತರಜಾಲ ವಿನಿಮಯ ಕೇಂದ್ರವು, ಅಂದರೆ ನಿಕ್ಸಿ, ಸ್ಥಾಪನೆಯಾಯಿತು.

ಗ್ರಾಮದ ಕಡೆಗಿನ ಪ್ರಯತ್ನಗಳು ಇದೇ ಕಾಲದವು. ಐ.ಐ.ಟಿ. ಮದ್ರಾಸಿನಲ್ಲಿ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡವು ಕಾರ್‌ಡೆಕ್ಟ್ ಎಂಬ ನಿಸ್ತಂತು ತಂತ್ರಜ್ಞಾನವನ್ನು ಬೆಳೆಸಿ, ತಂತಿ ಎಳೆಯುವ ವೆಚ್ಚವಿಲ್ಲದೆ ಮಾತು ಮತ್ತು ದತ್ತಾಂಶಗಳೆರಡನ್ನೂ ಹಳ್ಳಿಗೆ ಒಯ್ಯಲು ಯತ್ನಿಸಿತು. ಕರ್ನಾಟಕದ ಭೂಮಿ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ ತಾಲ್ಲೂಕು ಕೇಂದ್ರಗಳಲ್ಲಿ ವಿತರಿಸಿದ್ದು ದೇಶದ ಗಮನ ಸೆಳೆಯಿತು. ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ದಾಖಲೆಯು ತಾಲ್ಲೂಕು ಕೇಂದ್ರದ ಗಣಕಯಂತ್ರಕ್ಕೆ ಸರಿಯಿತು. ವಿಳಂಬ ಮತ್ತು ಲಂಚದ ಕಾಟ ತಗ್ಗಿದರೂ ರೈತನು ಬಸ್ಸು ಹಿಡಿದು ತಾಲ್ಲೂಕಿಗೆ ಬರಬೇಕಾಯಿತು. ಮಾಹಿತಿಯು ಗಣಕವನ್ನು ಸೇರಿದ ಮಾತ್ರಕ್ಕೆ ಹಳ್ಳಿಯನ್ನು ತಲುಪುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಈ ಅಂತರವನ್ನು ತುಂಬಲು ಹಣದ ಮೂಲವೊಂದು ಆಗಲೇ ಇತ್ತು. ದೂರಸಂಪರ್ಕ ಸಂಸ್ಥೆಗಳ ಆದಾಯದ ಒಂದು ಪಾಲಿನಿಂದ ರೂಪುಗೊಂಡ ಸಾರ್ವತ್ರಿಕ ಸೇವಾ ನಿಧಿಗೆ 2003ರ ಕಾಯ್ದೆಯಿಂದ ಶಾಸನದ ಬಲ ಬಂದಿತ್ತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಈ ನಿಧಿಯ ಆಧಾರದಲ್ಲೇ ಒಪ್ಪಿಗೆ ದೊರೆಯಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. 2017ರ ಕೊನೆಗೆ ಮೊದಲ ಹಂತದ 1 ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳ ಗುರಿ ಮುಟ್ಟಿತೆಂದು ಘೋಷಿಸಲಾಯಿತು. ಆದರೆ ಆ ಹಂತದ ಕೇಬಲ್ಲು ಒಂದೇ ಸಾಲಿನಲ್ಲಿ ಸಾಗಿತ್ತು. ರಸ್ತೆ ಅಗಲೀಕರಣಕ್ಕೋ ನೀರಿನ ಕೊಳವೆಗೋ ನೆಲ ಅಗೆದಾಗ ಕೇಬಲ್ಲು ತುಂಡಾದರೆ, ಅದರಾಚೆಗಿನ ಪಂಚಾಯಿತಿಗಳ ಸಂಪರ್ಕ ಕಡಿದುಹೋಗುತ್ತಿತ್ತು. 2023ರ ಆಗಸ್ಟಿನಲ್ಲಿ ಅಂಗೀಕಾರ ಪಡೆದ ಪರಿಷ್ಕೃತ ಯೋಜನೆಯು ವರ್ತುಲ ಜೋಡಣೆಯನ್ನೂ ದೀರ್ಘಾವಧಿಯ ನಿರ್ವಹಣೆಯನ್ನೂ ಒಳಗೊಂಡದ್ದು ಈ ಅನುಭವದ ಫಲ. ವರ್ತುಲದಲ್ಲಿ ಒಂದು ಕಡೆ ತುಂಡಾದರೂ ಸಂಚಾರವು ಮತ್ತೊಂದು ಕಡೆಯಿಂದ ಸಾಗಬಲ್ಲದು.

ಈ ನಡುವೆ ಗ್ರಾಮೀಣ ಜನರಲ್ಲಿ ಬಹುಪಾಲು ಮಂದಿಯನ್ನು ಅಂತರಜಾಲಕ್ಕೆ ಕರೆತಂದದ್ದು ಮೊಬೈಲು. 2016ರ ಅನಂತರ ದತ್ತಾಂಶದ ದರ ಕುಸಿದಾಗ ಬಳಕೆ ತೀವ್ರವಾಗಿ ಏರಿತು. ಆದರೆ 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಸಿಗ್ನಲ್ ಹುಡುಕಬೇಕಾಯಿತು. ವ್ಯಾಪ್ತಿಯ ನಕಾಶೆಗೂ ನೆಲದ ವಾಸ್ತವಕ್ಕೂ ಇದ್ದ ದೂರವನ್ನು ಆ ದಿನಗಳು ತೋರಿಸಿಕೊಟ್ಟವು. ಬ್ರಾಡ್‌ಬ್ಯಾಂಡಿನ ಅಧಿಕೃತ ಕನಿಷ್ಠ ವೇಗವು 2004ರಲ್ಲಿ 256 ಕಿಲೋಬಿಟ್, 2013ರಲ್ಲಿ 512 ಕಿಲೋಬಿಟ್, 2023ರಲ್ಲಿ 2 ಮೆಗಾಬಿಟ್ ಎಂದು ಬದಲಾಗಿರುವುದರಿಂದ, ಹಿಂದಿನ ಅಂಕಿಅಂಶಗಳಲ್ಲಿ ಬ್ರಾಡ್‌ಬ್ಯಾಂಡ್ ಎಂದು ಎಣಿಕೆಯಾದ ಸಂಪರ್ಕವೆಲ್ಲವೂ ಇಂದಿನ ಅರ್ಥದಲ್ಲಿ ಬ್ರಾಡ್‌ಬ್ಯಾಂಡ್ ಆಗಿರಲಾರದು.

ಹೀಗೆ ಈ ಚರಿತ್ರೆಯನ್ನು ಎಳೆದ ಕೇಬಲಿನ ಉದ್ದದಿಂದಷ್ಟೇ ಬರೆಯಲಾಗದು. ಕಿತ್ತೂರಿನ ಪುಟ್ಟ ವಿನಿಮಯ ಕೇಂದ್ರವು ಹಳ್ಳಿಯ ಸೆಕೆ, ಧೂಳುಗಳನ್ನು ಮುಂಚಿತವಾಗಿಯೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಫೈಬರ್ ಯೋಜನೆಯು ಹಳ್ಳಿಯ ಅಗೆತ, ದುರಸ್ತಿಗಳನ್ನು ಲೆಕ್ಕಕ್ಕೆ ತಂದುಕೊಳ್ಳಲು ಹನ್ನೆರಡು ವರ್ಷ ಬೇಕಾಯಿತು. ಕಟ್ಟುವ ಹೊಣೆಯಷ್ಟೇ ಕಾಪಾಡುವ ಹೊಣೆಯನ್ನೂ ವಿನ್ಯಾಸದಲ್ಲಿ ಸೇರಿಸಿದಾಗ ಮಾತ್ರ ಮೂಲಸೌಕರ್ಯವು ನಾಗರಿಕನ ಪಾಲಿಗೆ ನಿಜವಾಗುತ್ತದೆ ಎಂಬುದು ಈ ನಾಲ್ಕು ದಶಕಗಳ ಅನುಭವದಿಂದ ಹೊರಡುವ ತೀರ್ಮಾನ.