ಅಗ್ನಿಶಿಖೆ: ಬಾಲ್ಕನಿಯಲ್ಲೂ ಅರಳುವ ಕಾಡುಹೂವು, ಗಡ್ಡೆ ಮಾತ್ರ ಕಡುವಿಷ!

ಒಂದೆಡೆ ಠಾಣೆ ಖಾರಿ, ಇನ್ನೊಂದೆಡೆ ಪಾರಸಿಕ್ ಬೆಟ್ಟ, ನಡುವೆ ಎಂಐಡಿಸಿ ಕಾರ್ಖಾನೆಗಳು. ನವಿ ಮುಂಬೈನ ರಬಾಳೆಯಲ್ಲಿ ಕೈತೋಟವೆಂದರೆ ಹೆಚ್ಚಿನವರಿಗೆ ಬಾಲ್ಕನಿಯ ಗ್ರಿಲ್ ಮತ್ತು ನಾಲ್ಕು ಕುಂಡ. ಅಷ್ಟೇ ಜಾಗದಲ್ಲಿ ಬೆಳೆಯಬಲ್ಲ ಇಲ್ಲಿನದೇ ಕಾಡುಹೂವು ಅಗ್ನಿಶಿಖೆ.

ಕೊಂಕಣದಿಂದ ಕರ್ನಾಟಕದ ಕರಾವಳಿ, ಮಲೆನಾಡಿನವರೆಗೆ ಮಳೆಗಾಲದಲ್ಲಿ ಬೇಲಿ, ಪೊದೆಗಳ ಮೇಲೆ ಈ ಬಳ್ಳಿ ತಾನಾಗಿ ಹಬ್ಬುತ್ತದೆ. ಹಸಿರು-ಹಳದಿಯಾಗಿ ಬಿರಿಯುವ ಹೂವು ದಿನಕಳೆದಂತೆ ಬೆಂಕಿಯಂತೆ ಕೆಂಪಾಗುತ್ತದೆ. ಗೌರಿ ಹಬ್ಬದ ಹೊತ್ತಿಗೆ ಅರಳುವ ಇದಕ್ಕೆ ಗೌರಿ ಹೂವು ಎಂಬ ಹೆಸರೂ ಇದೆ. ಮರಾಠಿಯಲ್ಲಿ ಕಳಲಾವಿ, ಹಿಂದೆ ಹೆರಿಗೆ ನೋವು ಬರಿಸಲು ಗಡ್ಡೆ ಬಳಸುತ್ತಿದ್ದುದರಿಂದ ಬಂದ ಹೆಸರಿದು. ಸ್ಥಳೀಯ ನರ್ಸರಿಗಳಲ್ಲಿ ಹೀಗೇ ಕೇಳುವುದು ಒಳ್ಳೆಯದು. ತಮಿಳುನಾಡಿನ ರಾಜ್ಯ ಪುಷ್ಪವೂ ಇದೇ.

ಬೀಜದಿಂದ ಬೆಳೆಸಿದರೆ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಗಡ್ಡೆ ನೆಡುವುದೇ ಸುಲಭ. ನೇಗಿಲಿನಂತೆ ಬಾಗಿರುವ ಗಡ್ಡೆಯ ತುದಿಯಲ್ಲಷ್ಟೇ ಮೊಳಕೆ ಬರುತ್ತದೆ. ತುದಿ ಮುರಿದರೆ ಆ ಕವಲು ಚಿಗುರುವುದಿಲ್ಲ. ಮೇ ಕೊನೆ ಅಥವಾ ಜೂನ್ ಆರಂಭದಲ್ಲಿ, 12 ಇಂಚಿನ ಕುಂಡದಲ್ಲಿ ಮರಳು ಬೆರೆಸಿದ ಮಣ್ಣಿಗೆ 2-3 ಇಂಚು ಆಳದಲ್ಲಿ ಅಡ್ಡಲಾಗಿ ಮಲಗಿಸಿ ನೆಡಿ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವುದರಿಂದ ಗ್ರಿಲ್‌ಗೆ ತೆಳು ದಾರ ಕಟ್ಟಿದರೆ ಸಾಕು.

ಬೆಟ್ಟದಲ್ಲಿ ಸಿಕ್ಕ ಬಳ್ಳಿಯನ್ನು ಕಿತ್ತು ತರಬೇಡಿ. ಔಷಧಿಗಾಗಿ ಅಗೆದು ಅಗೆದೇ ಕಾಡಿನಲ್ಲಿ ಇದು ಕಡಿಮೆಯಾಗುತ್ತಿದೆ.

ಇನ್ನು ವಿಷದ ಮಾತು. ಗಿಡದ ಎಲ್ಲ ಭಾಗಗಳಲ್ಲೂ ಕೊಲ್ಚಿಸಿನ್ ಇದೆ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಗೆಣಸೆಂದು ತಪ್ಪು ತಿಳಿದು ಗಡ್ಡೆ ತಿಂದವರು ಪ್ರಾಣ ಕಳೆದುಕೊಂಡಿದ್ದಾರೆ. ವಾಂತಿ, ಭೇದಿ ಶುರುವಾಗುವುದೇ ಕೆಲವು ಗಂಟೆಗಳ ನಂತರ. ಹಾಗಾಗಿ ಯಾರಾದರೂ ತಿಂದಿದ್ದು ಗೊತ್ತಾದರೆ ಲಕ್ಷಣಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಗಿಡದ ತುಂಡನ್ನೂ ಜೊತೆಗೆ ಒಯ್ಯಿರಿ. ಪುಟ್ಟ ಮಕ್ಕಳು, ಬೆಕ್ಕು-ನಾಯಿ ಇರುವ ಮನೆಗೆ ಈ ಗಿಡ ಬೇಡವೇ ಬೇಡ. ಉಳಿದವರು ಕೈಗವಸು ಹಾಕಿಕೊಂಡೇ ಗಡ್ಡೆ ಮುಟ್ಟಿ, ಕಾಯಿ ಒಣಗಿ ಬಿರಿಯುವ ಮೊದಲೇ ಕತ್ತರಿಸಿ.

ಮಳೆ ಮುಗಿದ ಮೇಲೆ ಬಳ್ಳಿ ಪೂರ್ತಿ ಒಣಗುತ್ತದೆ. ಸತ್ತುಹೋಯಿತೆಂದು ಅನೇಕರು ಕುಂಡ ಖಾಲಿ ಮಾಡುತ್ತಾರೆ. ಗಡ್ಡೆ ಒಳಗೆ ಜೀವಂತವಾಗಿರುತ್ತದೆ. ನೀರು ನಿಲ್ಲಿಸಿ, ಕುಂಡಕ್ಕೆ ಹೆಸರು ಬರೆದ ಚೀಟಿ ಅಂಟಿಸಿ, ಮುಂದಿನ ಮೇವರೆಗೆ ಮೂಲೆಯಲ್ಲಿಡಿ.